ಪ್ಯಾರಿಸ್ಸಿನಲ್ಲಿ ಮೈಸೂರಿನ ಕುಡಿ



ಊರಿಗೆ ಹೋಗುವ ಬೆಂಗಳೂರು ರೈಲು ಕಾಟ್ಪಾಡಿಯಲ್ಲಿ ನಿಂತಾಗ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ವೇಲೂರಿನ ಆಸ್ಪತ್ರೆ. ಅಲ್ಲೊಂದು ಕೋಟೆಯೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಇಂಗ್ಲಿಷರು ಇಟ್ಟದ್ದು ಅದರಲ್ಲೇ. 1806ರ ಸಿಪಾಯಿ ದಂಗೆಯ ನಂತರ ಅವರನ್ನು ಕಲ್ಕತ್ತೆಗೆ ಸಾಗಿಸಿದರು. ಆ ಮನೆತನದ ಒಂದು ಕುಡಿ ಫ್ರಾನ್ಸಿನಲ್ಲಿ ಹಿಟ್ಲರನ ವಿರುದ್ಧ ಹೋರಾಡಿತು ಎಂದರೆ ನಂಬುತ್ತೀರಾ?

ಆಕೆ ನೂರ್ ಇನಾಯತ್ ಖಾನ್. ತಂದೆ ಇನಾಯತ್ ಖಾನ್ ಬರೋಡದ ಸಂಗೀತಗಾರ, ಸೂಫಿ ಗುರು. ಅವರ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರಿಗೆ ಬಂದು ಕರ್ನಾಟಕ ಸಂಗೀತ ಕಲಿತವರು. ಮೌಲಾ ಬಕ್ಷರ ಹೆಂಡತಿ ಟಿಪ್ಪುವಿನ ಮೊಮ್ಮಗಳು ಎಂಬುದು ಮನೆತನದ ಹೇಳಿಕೆ. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. ವೀಣೆ, ಹಾರ್ಪ್ ನುಡಿಸುತ್ತಾ, ಮಕ್ಕಳ ಕತೆ ಬರೆಯುತ್ತಾ ಇದ್ದ ನಾಚಿಕೆಯ ಹುಡುಗಿ. ಆಕೆಯ ಕತೆಗಳು ಫ್ರೆಂಚ್ ರೇಡಿಯೋದಲ್ಲೂ ಬಂದವು. ಹಾಗಾಗಿ ಆಕೆ ನಮ್ಮ ಬಳಗದವಳೇ ಅನ್ನಿ! 1939ರಲ್ಲಿ ಬುದ್ಧನ ಜಾತಕ ಕತೆಗಳ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು.

ಮರುವರ್ಷ ಜರ್ಮನರು ಪ್ಯಾರಿಸ್ಸಿಗೆ ನುಗ್ಗಿದರು. ಕುಟುಂಬ ಇಂಗ್ಲೆಂಡಿಗೆ ಓಡಿತು. ಅಹಿಂಸೆಯ ಪಾಠ ಕೇಳಿ ಬೆಳೆದ ನೂರ್ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತರು. ಮೋರ್ಸ್ ಕೀಲಿಯನ್ನು ಗಟ್ಟಿಯಾಗಿ ಕುಟ್ಟುತ್ತಾರೆಂದು ಜೊತೆಯವರು ತಮಾಷೆ ಮಾಡುತ್ತಿದ್ದರಂತೆ. ನಂತರ ಗುಪ್ತ ಕಾರ್ಯಾಚರಣೆಯ ಸಂಸ್ಥೆಗೆ ಆಯ್ಕೆ. ಈ ಕೆಲಸಕ್ಕೆ ತಕ್ಕವಳಲ್ಲ ಎಂದು ಕೆಲವು ತರಬೇತುದಾರರು ಬರೆದಿಟ್ಟರು. ಆದರೂ 1943ರ ಜೂನ್ 16ರ ರಾತ್ರಿ ಪುಟ್ಟ ವಿಮಾನವೊಂದು ಆಕೆಯನ್ನು ಫ್ರಾನ್ಸಿನಲ್ಲಿ ಇಳಿಸಿತು. ಗುಪ್ತನಾಮ ಮ್ಯಾಡಲೀನ್. ಆಕ್ರಮಿತ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆಯೇ.

ಕೆಲವೇ ದಿನಗಳಲ್ಲಿ ಜೊತೆಗಾರರು ಸಾಲುಸಾಲಾಗಿ ಸಿಕ್ಕಿಬಿದ್ದರು. ವಾಪಸು ಬಾ ಎಂದಿತು ಲಂಡನ್. ನೂರ್ ಒಪ್ಪಲಿಲ್ಲ, ತಾನೂ ಹೋದರೆ ಸುದ್ದಿ ಕಳಿಸುವವರು ಯಾರು? ನಾವಿಲ್ಲಿ ತಣ್ಣನೆಯ ಸ್ಟುಡಿಯೋದಲ್ಲಿ ಕೂತು ಮಾತಾಡುತ್ತೇವೆ. ಆಕೆಗೋ ತರಂಗ ಹೊರಟ ಕೂಡಲೇ ಅದರ ಜಾಡು ಹಿಡಿದು ಜರ್ಮನರ ವ್ಯಾನುಗಳು ಸುತ್ತುವರಿಯುವ ಭಯ. ಪೆಟ್ಟಿಗೆಯಲ್ಲಿ ಯಂತ್ರ ಹೊತ್ತು, ಕೂದಲಿಗೆ ಬಣ್ಣ ಹಚ್ಚಿ, ಮನೆಯಿಂದ ಮನೆಗೆ ಅಲೆದರು. ಹೀಗೆ ಮೂರು ತಿಂಗಳಿಗೂ ಹೆಚ್ಚು!

ಅಕ್ಟೋಬರಿನಲ್ಲಿ ಯಾರದೋ ದ್ರೋಹದಿಂದ ಸೆರೆಯಾದರು. ಒಂದನ್ನು ಮುಚ್ಚಿಡಬಾರದು: ಕಳಿಸಿದ ಸಂದೇಶಗಳನ್ನೆಲ್ಲ ಆಕೆ ನೋಟ್‌ಬುಕ್ಕಿನಲ್ಲಿ ಉಳಿಸಿಕೊಂಡಿದ್ದರು. ಅದು ಜರ್ಮನರ ಕೈಸೇರಿ, ಆಕೆಯ ಹೆಸರಿನಲ್ಲೇ ಸುಳ್ಳು ಸಂದೇಶಗಳು ಹೋದವು. ಲಂಡನ್ ನಂಬಿತು, ಮತ್ತಷ್ಟು ಜನ ಬಲಿಯಾದರು. ಆದರೆ ವಿಚಾರಣೆಯಲ್ಲಿ ನೂರ್ ಬಾಯಿ ಬಿಡಲಿಲ್ಲ. ನವೆಂಬರಿನಲ್ಲಿ ಛಾವಣಿ ಹತ್ತಿ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದರು. ಆಮೇಲೆ ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಕೈಕಾಲಿಗೆ ಸರಪಳಿ, ಹತ್ತು ತಿಂಗಳ ಒಂಟಿ ಕೋಣೆ. 1944ರ ಸೆಪ್ಟೆಂಬರ್ 13ರಂದು ಡಾಕೌ ಶಿಬಿರದಲ್ಲಿ ಮತ್ತೆ ಮೂವರು ಮಹಿಳೆಯರೊಡನೆ ಗುಂಡಿಗೆ ಬಲಿ. ವಯಸ್ಸು ಮೂವತ್ತು.

ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ಕೇಳಿದವನು ಟಿಪ್ಪು. ಇಂಗ್ಲಿಷರ ಸಮವಸ್ತ್ರ ತೊಟ್ಟು ಫ್ರೆಂಚರಿಗಾಗಿ ಜೀವ ಕೊಟ್ಟವಳು ಈಕೆ. ಫ್ರಾನ್ಸ್ ಕ್ರ್ವಾ ದ ಗೆರ್ ಪದಕ ಕೊಟ್ಟಿತು, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಕೊಟ್ಟಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಪ್ರತಿಮೆಯೂ ಬಂತು. ಹೆಚ್ಚು ತಿಳಿಯಬೇಕೆನ್ನುವವರು ಶ್ರಾಬಣಿ ಬಸು ಅವರ 'ಸ್ಪೈ ಪ್ರಿನ್ಸೆಸ್' ಓದಿ. ಮಕ್ಕಳಿರುವ ಮನೆಯವರು ನೂರ್ ಹೇಳಿದ ಜಾತಕ ಕತೆಗಳನ್ನೂ ಹುಡುಕಿ ನೋಡಿ.