ನೋವಿಲ್ಲದ ರಕ್ತವನ್ನು ಮುಚ್ಚಿಡದಿರೋಣ
(ರಾಮದುರ್ಗದ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೂತ್ರದ ತೊಂದರೆಯನ್ನು ನಾವು ಮನೆಯಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರಕೋಶದ ಕ್ಯಾನ್ಸರ್ ಬೆಳೆಯಲು ಈ ಸಂಕೋಚವೇ ಅವಕಾಶ ಕೊಡುತ್ತದೆ. ಈ ರೋಗದ ಮೊದಲ ಸೂಚನೆ ಸಾಮಾನ್ಯವಾಗಿ ಮೂತ್ರದಲ್ಲಿ ನೋವಿಲ್ಲದೆ ಕಾಣಿಸುವ ರಕ್ತ. ಅದು ಒಂದೆರಡು ದಿನ ಕಂಡು ತಾನಾಗಿಯೇ ನಿಲ್ಲಬಹುದು. ಉಷ್ಣವಾಗಿತ್ತು, ಜೀರಿಗೆ ನೀರು ಕುಡಿದ ಮೇಲೆ ಹೋಯಿತು ಎಂದು ನಾವು ಸಮಾಧಾನಪಡುತ್ತೇವೆ. ಮಹಿಳೆಯರಲ್ಲಂತೂ ಅದನ್ನು ಮುಟ್ಟಿನ ದೋಷವೆಂದು ಭಾವಿಸಿ ತಿಂಗಳುಗಳೇ ಕಳೆಯುತ್ತವೆ. ರಕ್ತ ಕಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಕಲ್ಲು ಅಥವಾ ಸೋಂಕು ಕೂಡ ಕಾರಣವಾಗಿರಬಹುದು. ಆದರೆ ಅದನ್ನು ನಿರ್ಧರಿಸಬೇಕಾದುದು ಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ.

ಈ ರೋಗಕ್ಕೆ ಅತಿ ದೊಡ್ಡ ಕಾರಣ ಧೂಮಪಾನ. ಬೀಡಿ, ಸಿಗರೇಟಿನ ವಿಷವು ರಕ್ತಕ್ಕೆ ಸೇರಿ, ಮೂತ್ರಪಿಂಡದ ಮೂಲಕ ಇಳಿದು, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ರಾಮದುರ್ಗವು ನೇಕಾರರ ಊರಾದುದರಿಂದ ಇನ್ನೊಂದು ವಿಷಯವೂ ನಮಗೆ ತಿಳಿದಿರಬೇಕು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಈ ರೋಗವನ್ನು ಗುರುತಿಸಿದರು. ಬೆಂಜಿಡಿನ್ ಮೂಲದ ಬಣ್ಣಗಳನ್ನು ನಮ್ಮ ದೇಶ 1990ರ ದಶಕದಲ್ಲಿ ನಿಷೇಧಿಸಿತು. ಮಗ್ಗದಲ್ಲಿ ಕುಳಿತು ನೇಯುವುದರಿಂದ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ವರ್ಷಗಟ್ಟಲೆ ನೂಲಿಗೆ ಬಣ್ಣ ಹಾಕಿದವರು ಆ ಕಸುಬನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಸಿಸ್ಟೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ತೆಳು ಕೊಳವೆಯಿಂದ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ. ಗಡ್ಡೆ ಮೇಲ್ಪದರದಲ್ಲೇ ಇದ್ದರೆ ಹೊಟ್ಟೆ ಕೊಯ್ಯದೆ, ಅದೇ ದಾರಿಯಿಂದ ತೆಗೆಯುತ್ತಾರೆ. ಮರುಕಳಿಸುವ ಅಪಾಯ ಹೆಚ್ಚಿದ್ದವರಿಗೆ ಬಿಸಿಜಿಯನ್ನು ಮೂತ್ರಕೋಶದೊಳಗೆ ಬಿಡುತ್ತಾರೆ. ಕ್ಷಯ ತಡೆಯಲು ಶಿಶುಗಳಿಗೆ ಹಾಕುವ ಲಸಿಕೆಯೂ ಇದೇ. ಈ ರೋಗ ಮರಳಿ ಬರುವ ಸ್ವಭಾವದ್ದು. ಆದ್ದರಿಂದ ಗುಣವಾದಂತೆ ಕಂಡರೂ ಮೂರು ತಿಂಗಳಿಗೆ ಮರುಪರೀಕ್ಷೆ, ಅನಂತರ ವೈದ್ಯರು ಹೇಳಿದಷ್ಟು ವರ್ಷ ತಪಾಸಣೆ ಅಗತ್ಯ.

ರೋಗ ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಆಗ ಹೊಟ್ಟೆಯ ಮೇಲಿನ ಚೀಲದಲ್ಲಿ ಮೂತ್ರ ಸಂಗ್ರಹವಾಗುತ್ತದೆ. ಹೀಗಾದರೆ ನಮಾಝ್ ಹೇಗೆ ಎಂಬ ಚಿಂತೆ ನಮ್ಮ ಹಿರಿಯರನ್ನು ಕಾಡುವುದು ಸಹಜ. ಸತತವಾಗಿ ಮೂತ್ರ ಸೋರುವ ರೋಗಿಗೆ ಕರ್ಮಶಾಸ್ತ್ರದಲ್ಲಿ ವಿನಾಯಿತಿ ಇದೆ. ಪ್ರತಿ ನಮಾಝಿನ ಸಮಯಕ್ಕೆ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ವಿವರಗಳನ್ನು ವಿದ್ವಾಂಸರಲ್ಲಿ ಕೇಳೋಣ. ಆದರೆ ಈ ಚಿಂತೆಯಿಂದ ಚಿಕಿತ್ಸೆಯನ್ನು ಮುಂದೂಡುವುದು ಸರಿಯಲ್ಲ.

ಖರ್ಚಿನ ಭಯವೂ ಅನೇಕರನ್ನು ತಡೆಯುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಸರಕಾರಿ ಆಸ್ಪತ್ರೆಗೆ ಪಡಿತರ ಚೀಟಿ ಮತ್ತು ಆಧಾರ್‌ನೊಂದಿಗೆ ಹೋಗಿ ವಿಚಾರಿಸೋಣ.

ಮನೆಯ ಹಿರಿಯರು ತಾವಾಗಿ ಹೇಳಲಾರರು. ಮಕ್ಕಳು, ಸೊಸೆಯಂದಿರು ಸೌಜನ್ಯದಿಂದ ಕೇಳಬೇಕು. ಒಮ್ಮೆ ರಕ್ತ ಕಂಡರೂ ಸಾಕು, ಅದೇ ವಾರ ವೈದ್ಯರ ಬಳಿಗೆ ಕರೆದೊಯ್ಯೋಣ.