ಜಿಪ್ ಮಾಡೋಕೆ ಡಿಸ್ಕ್ ಯಾಕೆ ಬೇಕು?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ಇವತ್ತು ಸ್ವಲ್ಪ ಕೋಡ್ ಮಾತು ಇದೆ. ಶುರು ಮಾತ್ರ ನನ್ನದೇ ಒಂದು ಎಡವಟ್ಟಿನಿಂದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾಲೇಜಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಬಟನ್ ಒತ್ತಿದ್ರೆ ಅವರವರ ಅಂಕಪಟ್ಟಿಗಳೆಲ್ಲ ಒಂದೇ ಜಿಪ್ ಆಗಿ ಡೌನ್‌ಲೋಡ್ ಆಗ್ಬೇಕು. ನಾನು ಸರ್ವರ್‌ನ ಡಿಸ್ಕ್ ಮೇಲೆ ‘ಮಾರ್ಕ್ಸ್ ಡಾಟ್ ಜಿಪ್’ ಅಂತ ಫೈಲ್ ಮಾಡಿ ಕಳಿಸ್ತಿದ್ದೆ. ಟೆಸ್ಟ್ ಮಾಡುವಾಗ ನಾನೊಬ್ಬನೇ, ಎಲ್ಲಾ ಸರಿ ಇತ್ತು. ರಿಸಲ್ಟ್ ದಿನ ಇಬ್ಬರು ಒಂದೇ ಹೊತ್ತಿಗೆ ಒತ್ತಿದ್ರು. ಇಬ್ಬರಿಗೂ ಅದೇ ಹೆಸರಿನ ಫೈಲ್ ಅಲ್ವಾ? ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿ ಇನ್ಯಾರದ್ದೋ ಫೋನಿಗೆ ಹೋಯ್ತು. “ಸರ್, ನಾನು ಫೇಲಾಗಿದ್ದು ಮನೇಲೇ ಇನ್ನೂ ಹೇಳಿಲ್ಲ, ಕ್ಲಾಸಿಗೆಲ್ಲ ಗೊತ್ತಾಗಿದೆ” ಅಂದ್ರು. ನನ್ನತ್ರ ಉತ್ತರ ಇರಲಿಲ್ಲ.

ಒಬ್ಬೊಬ್ಬರಿಗೂ ಬೇರೆ ಹೆಸರಿನ ಫೈಲ್ ಮಾಡಬಹುದಿತ್ತು. ಆಮೇಲೆ ಅವನ್ನೆಲ್ಲ ಅಳಿಸೋರು ಯಾರು? ಅದಕ್ಕೇ ಡಿಸ್ಕ್ ಬಿಟ್ಟು ಮೆಮೊರಿಯಲ್ಲೇ ಜಿಪ್ ಮಾಡಿದೆ. ಪೈಥಾನ್‌ನಲ್ಲಿ ‘ಬೈಟ್ಸ್‌ಐಓ’ ಅಂತ ಇದೆ. ಇರೋದು ರ್‍ಯಾಮ್‌ನಲ್ಲಿ, ನಡ್ಕೊಳ್ಳೋದು ಫೈಲ್ ಥರ. ಅದನ್ನ ‘ಜಿಪ್‌ಫೈಲ್’ ಕೈಗೆ ಕೊಟ್ಟು ಒಂದೊಂದೇ ಅಂಕಪಟ್ಟಿ ಸೇರಿಸ್ತಾ ಹೋಗೋದು. ಪ್ರತಿ ರಿಕ್ವೆಸ್ಟ್‌ಗೂ ಅದರದ್ದೇ ಬಫರ್, ಒಬ್ಬರದ್ದು ಇನ್ನೊಬ್ಬರಿಗೆ ಹೋಗೋ ಮಾತೇ ಇಲ್ಲ.

ಬರೆದೆ, ಡೌನ್‌ಲೋಡೂ ಆಯ್ತು. ತೆರೆದ್ರೆ ‘ಫೈಲ್ ಹಾಳಾಗಿದೆ’! ಅರ್ಧ ದಿನ ತಲೆ ಕೆರ್ಕೊಂಡೆ. ವಿಷಯ ಏನಂದ್ರೆ, ಪುಸ್ತಕದಲ್ಲಿ ಪರಿವಿಡಿ ಮುಂದಿರುತ್ತೆ, ಜಿಪ್‌ನಲ್ಲಿ ಕೊನೇಲಿ. ‘ಸೆಂಟ್ರಲ್ ಡೈರೆಕ್ಟರಿ’ ಅಂತಾರೆ. ಜಿಪ್‌ಫೈಲ್ ಕ್ಲೋಸ್ ಆದಾಗ್ಲೇ ಪೈಥಾನ್ ಅದನ್ನ ಬರೆಯೋದು. ನಾನು ‘ವಿತ್’ ಬ್ಲಾಕ್ ಒಳಗಿದ್ದಾಗ್ಲೇ ‘ಗೆಟ್‌ವ್ಯಾಲ್ಯೂ’ ಕರೆದಿದ್ದೆ. ಆ ಸಾಲನ್ನ ಬ್ಲಾಕಿನಿಂದ ಆಚೆ ತಂದೆ, ಅಷ್ಟೇ. ‘ರೀಡ್’ ಬಳಸೋರು ಮೊದಲು ‘ಸೀಕ್’ ಹಾಕಿ 0ಗೆ ವಾಪಸ್ ಹೋಗಿ, ಇಲ್ಲಾಂದ್ರೆ ಕೈಗೆ ಬರೋದು ಖಾಲಿ.

ಹಾಂ, ಪೈಥಾನ್ ತಾನಾಗೇ ಸೈಜ್ ಕಮ್ಮಿ ಮಾಡಲ್ಲ, ಸುಮ್ನೆ ಒಟ್ಟುಗೂಡಿಸುತ್ತೆ. ‘ಜಿಪ್ ಡಿಫ್ಲೇಟೆಡ್’ ಅಂತ ನಾವೇ ಹೇಳ್ಬೇಕು. ಇನ್ನೊಂದು ಮಜಾ: ಜಿಪ್ ಫೈಲನ್ನ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ, ಮೊದಲ ಎರಡಕ್ಷರ ‘ಪಿಕೆ’. 1989ರಲ್ಲಿ ಈ ಫಾರ್ಮ್ಯಾಟ್ ತಂದ ಫಿಲ್ ಕಾಟ್ಜ್ ಅವರ ಇನಿಷಿಯಲ್ಸ್. ನಿಮ್ಮ ಆಂಡ್ರಾಯ್ಡ್ ಎಪಿಕೆ ಕೂಡ ಒಳಗೆ ಜಿಪ್ಪೇ.

ಆದ್ರೆ ಮದುವೆ ವಿಡಿಯೊಗಳನ್ನೆಲ್ಲ ಹೀಗೆ ಮಾಡೋಕೆ ಹೋಗ್ಬೇಡಿ. ಅಷ್ಟೂ ರ್‍ಯಾಮ್‌ನಲ್ಲೇ ಕೂರುತ್ತೆ, ನಾಲ್ಕು ಜನ ಒಟ್ಟಿಗೆ ಬಂದ್ರೆ ಸರ್ವರ್ ಮಲ್ಕೊಳ್ಳುತ್ತೆ. ಅಂಥದ್ದಕ್ಕೆ ಟೆಂಪರರಿ ಫೈಲೇ ಸರಿ, ಹೆಸರು ಮಾತ್ರ ಬೇರೆ ಬೇರೆ ಇರಲಿ. ಮುಂದಿನ ವಾರ ಸಿಗೋಣ.