ಬಸುರಿಯ ಉಬ್ಬಸ

ಬಸುರಿ ಎಂದು ತಿಳಿದದ್ದೇ ತಡ, ಮನೆಯಲ್ಲಿ ಉಪದೇಶ ಶುರು. ಪಪ್ಪಾಯಿ ಬೇಡ, ಭಾರ ಎತ್ತಬೇಡ. ಆಸ್ತಮಾಕ್ಕೆ ಇನ್ಹೇಲರ್ ಬಳಸುವವಳಿಗೆ ಇನ್ನೊಂದು ಮಾತು: “ಆ ಪಂಪು ಬಿಟ್ಟುಬಿಡಮ್ಮ, ಮಗುವಿಗೆ ಏನಾದರೂ ಆದೀತು.” ಅಕ್ಕರೆಯ ಮಾತೇ, ಆದರೆ ಅಪಾಯದ್ದು.

ಹೊಟ್ಟೆಯ ಕೂಸಿಗೆ ಆಮ್ಲಜನಕ ಸಿಗುವುದು ತಾಯಿಯ ರಕ್ತದಿಂದ. ಆಕೆಗೆ ಉಬ್ಬಸ ಜೋರಾದರೆ ಕೂಸಿಗೂ ಕೊರತೆ. ಆಸ್ತಮಾ ಹತೋಟಿ ತಪ್ಪಿದರೆ ರಕ್ತದೊತ್ತಡ ಏರುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಹೆಚ್ಚು. ಇನ್ಹೇಲರ್‌ನ ಔಷಧವೋ ಮೈಕ್ರೋಗ್ರಾಂ ಲೆಕ್ಕದ್ದು. ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬುಡೆಸೊನೈಡ್, ಸಾಲ್ಬುಟಮಾಲ್ ಎಂಬ ಇನ್ಹೇಲರ್ ಔಷಧಗಳನ್ನು ವೈದ್ಯರು ಗರ್ಭಿಣಿಯರಿಗೆ ದಶಕಗಳಿಂದ ಕೊಡುತ್ತಿದ್ದಾರೆ.

ಬಸುರಿನಲ್ಲಿ ಆಸ್ತಮಾ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಉಬ್ಬಸ ಹೆಚ್ಚುತ್ತದೆ, ಒಬ್ಬರಿಗೆ ತಗ್ಗುತ್ತದೆ, ಇನ್ನೊಬ್ಬರಿಗೆ ಇದ್ದಂತೆಯೇ ಇರುತ್ತದೆ. ಯಾರಿಗೆ ಯಾವುದೆಂದು ಮೊದಲೇ ಹೇಳಲಾಗದು. ಹಾಗಾಗಿ ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ವಿಷಯ ತಿಳಿಸಬೇಕು. ರಾತ್ರಿ ಕೆಮ್ಮಿ ಎಚ್ಚರವಾಗುವುದು, ತಕ್ಷಣದ ಆರಾಮಕ್ಕೆ ಬಳಸುವ ನೀಲಿ ಇನ್ಹೇಲರ್ ಪದೇ ಪದೇ ಬೇಕಾಗುವುದು ಹತೋಟಿ ತಪ್ಪುತ್ತಿರುವುದರ ಸೂಚನೆ.

ಬಿಡಬೇಕಾದದ್ದು ಹೊಗೆಯನ್ನು. ಒಲೆಯದು, ಬೀಡಿಯದು, ಊದುಬತ್ತಿಯದು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಒದ್ದೆ ಕೂದಲಿಗೆ ಹೊಗೆ ಹಿಡಿಯುವುದುಂಟಲ್ಲ, ಅದನ್ನೂ. ಅಜ್ಜಿಯಂದಿರು ಬೇಸರಿಸಬಾರದು, ಒಣ ಟವೆಲ್ಲಿನಿಂದ ಒರೆಸಿದರೂ ಕೂದಲು ಆರುತ್ತದೆ.

ಹೆರಿಗೆಗೆ ಹೊರಡುವ ಚೀಲದಲ್ಲಿ ಕೂಸಿನ ಬಟ್ಟೆಗಳ ಜೊತೆ ಇನ್ಹೇಲರೂ ಇರಲಿ. ಹಾಲೂಡಿಸುವ ತಿಂಗಳುಗಳಲ್ಲೂ ಅದನ್ನು ನಿಲ್ಲಿಸಬೇಕಾಗಿಲ್ಲ.